ಲಗ್ನಪತ್ರಿಕೆಯ ದಪ್ಪ

ನನ್ನ ಲಗ್ನಪತ್ರಿಕೆಯ ಒಂದೇ ಒಂದು ಪ್ರತಿ ಈಗ ಉಳಿದಿರುವುದು ತಾವರೆಕೆರೆಯಲ್ಲಿ, ಹೈವೇ ಪಕ್ಕದ ಗ್ಯಾರೇಜೊಂದರ ಸ್ಪ್ಯಾನರ್ ಡಬ್ಬದೊಳಗೆ. ಅರಿಶಿನ ಹಚ್ಚಿದ್ದ ಮೂಲೆಗೆ ಗ್ರೀಸು ಮೆತ್ತಿದೆ. ವರನ ಹೆಸರು ಅಳಿಸಿಹೋಗಿ ವಧುವಿನದು ಮಾತ್ರ ಓದಲು ಬರುತ್ತದೆ. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿಯಾದ್ದರಿಂದ ನಾನು ತಕರಾರು ಮಾಡಿಲ್ಲ.

ಅದು ಅಲ್ಲಿಗೆ ಸೇರಿದ್ದು ನಮ್ಮಪ್ಪನ ಪಿಕಪ್ಪಿನ ದೆಸೆಯಿಂದ. ಅದೇನು ಹುಟ್ಟಾ ಪಿಕಪ್ಪಲ್ಲ. ಪೆಟ್ರೋಲ್ ಜೀಪಿನ ಹಿಂದಿನ ಸೀಟು ಕಿತ್ತು, ಹಲಗೆ ಬಡಿದು, ಕಡಲೆಕಾಯಿ ಮೂಟೆ ಹೇರಲು ಮಾಡಿಸಿದ್ದು. ಶಿರಾ ಕಡೆ ಎಲ್ಲರೂ ಇಂಥ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಕಾಲದಲ್ಲಿ ಅಪ್ಪ ಮಾತ್ರ, "ಎತ್ತಿಗೆ ಎಮ್ಮೆ ಹೊಟ್ಟೆ ಹಾಕ್ತಾರೇನೋ?" ಎಂದು ಒಪ್ಪಲಿಲ್ಲ. ಅಪ್ಪ ಹೋದಮೇಲೆ ಹೊಲ ತಮ್ಮನಿಗೆ ಬಂತು, ಎತ್ತು ನನಗೆ.

ಅದರ ಪ್ರಾಣವೆಲ್ಲ ಡೆಲ್ಕೊದಲ್ಲಿ. ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್ ಎಂದಿರುವ ಆ ಬಟ್ಟಲನ್ನು ನಮ್ಮ ಮೆಕ್ಯಾನಿಕ್ಕುಗಳು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತ 1909ರಲ್ಲಿ ಗೆಳೆಯನೊಡನೆ ಕಟ್ಟಿದ ಕಂಪನಿಯ ಚುಟುಕು ಹೆಸರು ಡೆಲ್ಕೊ. ವನಸ್ಪತಿಯೆಲ್ಲ ಡಾಲ್ಡಾ ಆದಂತೆ ಆ ಬಟ್ಟಲೆಲ್ಲ ಡೆಲ್ಕೊ ಆಯಿತು. ಮುಚ್ಚಳ ತೆಗೆದರೆ ಒಳಗೆ ಗುಬ್ಬಿಯ ಕೊಕ್ಕಿನಂತೆ ಎರಡು ಪಾಯಿಂಟು. ಕೊಕ್ಕು ಬಿಚ್ಚಿದಾಗಲೆಲ್ಲ ಒಂದು ಕಿಡಿ. ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿದರೆ ನಾಲ್ಕು ಸಿಲಿಂಡರಿಗೆ ಒಟ್ಟು ನಾಲ್ಕು ಸಾವಿರ ಕಿಡಿ. ಕೊಕ್ಕು ಪೂರ್ತಿ ಬಿಚ್ಚಿದಾಗ ಅರ್ಧ ಮಿಲಿಮೀಟರ್ ಸಂದು ಇರಬೇಕು. ಸಂದು ಹೆಚ್ಚಾದರೆ ಕಿಡಿ ಅವಸರಕ್ಕೆ ಬೀಳುತ್ತದೆ, ಕಮ್ಮಿಯಾದರೆ ತಡವಾಗಿ.

ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ತಗಡಿನ ಪಟ್ಟಿಗಳಿವೆ. ಆ ಗ್ಯಾರೇಜಿನ ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರವೂ ಇತ್ತು. ಯಾರೋ ಒಯ್ದವರು ವಾಪಸ್ ಕೊಡಲಿಲ್ಲ. ಅಂದಿನಿಂದ ಅವರ ಗೇಜು ಲಗ್ನಪತ್ರಿಕೆ. ಹತ್ತಾರು ಕಾರ್ಡು ಹಾಕಿ ನೋಡಿದಮೇಲೆ ನನ್ನದೇ ಸರಿಯಾಯಿತಂತೆ. "ನಿಮ್ಮಪ್ಪ ಕಾಸು ನೋಡಿ ಪ್ರಿಂಟ್ ಹಾಕ್ಸವ್ರೆ ಮೇಷ್ಟ್ರೇ, ಕರೆಕ್ಟ್ ಐತೆ" ಎಂದರು. ನನ್ನ ಮದುವೆಯ ಬಗ್ಗೆ ಇಷ್ಟು ಖಚಿತವಾದ ಅಭಿಪ್ರಾಯ ಬೇರೆ ಯಾರಿಂದಲೂ ಬಂದಿಲ್ಲ.

ಮಿಕ್ಕದ್ದು ಕಿವಿಯ ಕೆಲಸ. ಹಿಂದೆ ಐದು ಮೂಟೆ ಹೇರಿ, ಮೂರನೇ ಗೇರಿನಲ್ಲೇ ಏರು ಹತ್ತಿಸಬೇಕು. ಎಂಜಿನ್ನಿನೊಳಗೆ ಕಿಲಕಿಲ ಎಂದರೆ ಟೈಮಿಂಗು ಮುಂದಾಗಿದೆ. ವ್ಯಾಪಾರಿ ಕಡಲೆಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನಲ್ಲ, ಹಾಗೆ ಭಾಯ್ ಕತ್ತು ಓರೆ ಮಾಡಿ, "ಬೀಜ ಆಡ್ತೈತೆ" ಎನ್ನುವರು. ಇಳಿದು, ಡೆಲ್ಕೊ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸುವರು. ನನಗೆ ಎರಡೂ ಸಲ ಒಂದೇ ಸದ್ದು ಕೇಳಿಸುತ್ತಿತ್ತು. ತಲೆ ಮಾತ್ರ ಆಡಿಸುತ್ತಿದ್ದೆ.

ಪೆಟ್ರೋಲಿನ ಪಾಕವೂ ಅಷ್ಟೇ. ತೂಕದಲ್ಲಿ ಒಂದಕ್ಕೆ ಹದಿನಾಲ್ಕು ಚಿಲ್ಲರೆ ಪಾಲು ಗಾಳಿ ಎಂದು ಪುಸ್ತಕ ಹೇಳುತ್ತದೆ. ಮುದ್ದೆಗೆ ಎಷ್ಟು ನೀರು ಎಂದು ಅಮ್ಮನನ್ನು ಕೇಳಿದರೆ ಎಷ್ಟು ಉತ್ತರ ಸಿಗುತ್ತಿತ್ತೋ ಭಾಯ್‌ ಕಡೆಯಿಂದಲೂ ಅಷ್ಟೇ. ಪ್ಲಗ್ಗು ಬಿಚ್ಚಿ ನೋಡುವರು. ತುದಿ ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಉಪವಾಸ, ಹುರಿದ ಕಡಲೆಬೀಜದ ಬಣ್ಣ ಬಂದರೆ ಟೀ ತರಿಸಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಅದು ನಮ್ಮ ಟ್ಯಾಂಕಿಗೆ ಬಂದಮೇಲೆ ಪ್ಲಗ್ಗು ಬೆಳ್ಳಗಾಗತೊಡಗಿತು. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಪೆಟ್ರೋಲು ಇಳಿಸುವ ಹಳೇ ಜೆಟ್ಟಿನ ಪಾಕ ತೆಳುವಾಗುತ್ತದೆ ಎಂದು ನಾನು ಮೇಷ್ಟರ ದನಿಯಲ್ಲಿ ವಿವರಿಸಿದೆ. ಭಾಯ್ ಆಗಲೇ ಕಾರ್ಬೊರೇಟರಿಗೆ ಒಂದು ನಂಬರು ದೊಡ್ಡ ಜೆಟ್ಟು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಗ್ಯಾರೇಜು ಮುಚ್ಚಿತ್ತು. ಗಾಡಿ ಮಿಸ್ಸಿಂಗು ಹೊಡೆಯುತ್ತಿತ್ತು. ಇಷ್ಟು ವರ್ಷ ತಲೆಯಾಡಿಸಿದವನಿಗೆ ಇಷ್ಟೂ ಬರುವುದಿಲ್ಲವೇ ಎಂದುಕೊಂಡು, ಬೆಂಗಳೂರಿನ ನೆಂಟರ ಮಗಳ ಮದುವೆ ಕಾರ್ಡು ಹಿಡಿದು ನಾನೇ ಪಾಯಿಂಟು ಕೂರಿಸಿದೆ. ಗಣಪತಿಯೇ ಉಬ್ಬಿ ನಿಂತಿದ್ದ, ವೆಲ್ವೆಟ್ ಹಚ್ಚಿದ ಕಾರ್ಡು. ಬ್ಯಾಟರಿ ವೀಕು; ಹ್ಯಾಂಡಲ್ ಹಾಕಿದೆ. ಆ ಕೆಟರಿಂಗ್ ಮಹಾಶಯನೇ 1912ರ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೂರಿಸಿ ಹ್ಯಾಂಡಲಿನ ಕಾಟ ತಪ್ಪಿಸಿದ್ದ. ನಮ್ಮ ಬ್ಯಾಟರಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಪಿಸ್ಟನ್ನು ಮೇಲಕ್ಕೆ ಬರುವ ಮೊದಲೇ ಕಿಡಿ ಬಿತ್ತು. ಎಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲಿಗೆ ಹೆಬ್ಬೆರಳು ಸುತ್ತಬಾರದೆಂಬ ಪಾಠ ನನಗೆ ಅಂದೇ ಆಯಿತು.

ಮಾರನೇ ದಿನ ಭಾಯ್ ನನ್ನ ಕೈಯ ಊತ ನೋಡಿ ಕೇಳಿದ್ದು ಒಂದೇ: "ಯಾರ ಮದುವೆ ಕಾರ್ಡು?"

ಮೊನ್ನೆ ಮಗನ ಮದುವೆಗೆ ಕರೆಯಲು ಹೋಗಿದ್ದೆ. ಹೆಂಡತಿಯ ಹಟಕ್ಕೆ ಕಾರ್ಡು ಜೋರಾಗಿಯೇ ಆಗಿತ್ತು. ಭಾಯ್ ಕೈ ತೊಳೆದು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡು, ತೆರೆಯುವ ಮೊದಲೇ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು.

"ಖಂಡಿತ ಬರ್ತೀನಿ ಮೇಷ್ಟ್ರೇ," ಎಂದವರು ತುಸು ತಡೆದು, "ಹುಡುಗಂಗೆ ಹೇಳಿ, ಟೈಮಿಂಗು ವಸಿ ಮುಂದೈತೆ" ಎಂದರು.