ವಾಹನ ನಾಸಿಕ ಮೀಮಾಂಸೆ: ಅಜ್ಜಂಪುರ ಸೀಮೆಗೆ ಅನ್ವಯಿಸಿದಂತೆ

ಕಾರಿನ ಎಂಜಿನ್ ಉಸಿರೆಳೆಯುವ ಅಂಗವೇ ವಾಹನ ನಾಸಿಕ. ಅದು ಎರಡು ಬಗೆ: ಸಹಜ, ಆರೋಪಿತ. ಕಾರಿನೊಡನೆ ಹುಟ್ಟಿದ್ದು ಸಹಜ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮಡಿಕೆ ಕಾಗದದ ಫಿಲ್ಟರ್ ಇಟ್ಟುಕೊಂಡು, ಬಾನೆಟ್ಟಿನ ಮುಂಚೂಣಿಯ ಎತ್ತರದಲ್ಲಿ ಬಾಯಿ ತೆರೆದು, ಯಾರ ಗಮನಕ್ಕೂ ಬಾರದೆ ಬಾಳುವುದು ಅದರ ಲಕ್ಷಣ. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಕೊರಿಯರಿನಲ್ಲೋ ಬಂದು ಸೇರಿದ್ದು ಆರೋಪಿತ. ಹೊಳೆಯುವ ಅಲ್ಯೂಮಿನಿಯಂ ಕೊಳವೆ, ತುದಿಗೆ ಎಣ್ಣೆ ಸವರಿದ ಹತ್ತಿಬಟ್ಟೆಯ ಕೆಂಪು ಶಂಕು, ನೋಡುವವರಿದ್ದಾಗ ತಾನೇ ತೆರೆದುಕೊಳ್ಳುವ ಬಾನೆಟ್ – ಇವು ಅದರ ಲಕ್ಷಣಗಳು. ಇಂಥ ಹತ್ತಿಯ ಫಿಲ್ಟರಿಗೆ ಹೆಸರಾದ ಕೆ ಅಂಡ್ ಎನ್ ಕಂಪನಿ 1969ರಲ್ಲಿ ಹುಟ್ಟಿದ್ದು ಮಳೆಗಿಂತ ಬಿಸಿಲೇ ಹೆಚ್ಚಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎಂಬುದನ್ನು ಜಿಜ್ಞಾಸುಗಳು ಮರೆಯತಕ್ಕದ್ದಲ್ಲ.

ಇನ್ನು ಫಲಶ್ರುತಿ. ಗಾಳಿ ತಣ್ಣಗಾದಷ್ಟೂ ದಟ್ಟವಾಗುತ್ತದೆ. 10 ಡಿಗ್ರಿ ಇಳಿದರೆ ಸಾಂದ್ರತೆ ಸುಮಾರು ಶೇ. 3ರಷ್ಟು ಏರುತ್ತದೆ. ದಟ್ಟ ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಆದ್ದರಿಂದ ಶಕ್ತಿ ಹೆಚ್ಚು. ವಾದ ನಿರ್ದುಷ್ಟವಾಗಿದೆ. ಆದರೆ ಈಗಿನ ಬಹುಪಾಲು ಕಾರುಗಳ ಸಹಜ ನಾಸಿಕವೂ ಹೊರಗಿನ ತಣ್ಣನೆ ಗಾಳಿಯನ್ನೇ ಸೇದುವುದರಿಂದ, ಆರೋಪಿತಕ್ಕೆ ಉಳಿಯುವ ಲಾಭ ಸ್ವಲ್ಪ. ನಿಶ್ಚಿತವಾಗಿ ಸಿಗುವ ಫಲವೆಂದರೆ ಸದ್ದು. ಇದನ್ನು ಅಳೆಯುವುದು ಅಶ್ವಶಕ್ತಿಯಿಂದಲ್ಲ, ಬಸ್ ನಿಲ್ದಾಣದಲ್ಲಿ ತಿರುಗಿದ ತಲೆಗಳಿಂದ.

ಪರದೇಶದ ಗ್ರಂಥಗಳಲ್ಲಿ ಹಿಮಪ್ರಕರಣವೇ ದೊಡ್ಡದು: ಹಿಮದ ಪುಡಿ ಫಿಲ್ಟರಿಗೆ ಮೆತ್ತಿಕೊಂಡು, ಹೆಪ್ಪುಗಟ್ಟಿ, ಉಸಿರು ಕಟ್ಟಿಸುತ್ತದೆ. ಅಜ್ಜಂಪುರ, ತರೀಕೆರೆ, ಕಡೂರು ಸೀಮೆಗೆ ಆಕಾಶದಿಂದ ಬೀಳುವ ಘನರೂಪದ ನೀರು ಆಲಿಕಲ್ಲು ಒಂದೇ. ಅದು ಬೇಸಿಗೆಯ ಅಡ್ಡಮಳೆಯಲ್ಲಿ ಬಿದ್ದು, ಮಾವಿನ ಮಿಡಿ ಉದುರಿಸಿ, ಬಾನೆಟ್ಟಿಗೆ ನೆಗ್ಗು ಮಾಡಿ ಹೋಗುತ್ತದೆ. ನಾಸಿಕದ ತಂಟೆಗೆ ಬರುವುದಿಲ್ಲ. ಹಿಮಪ್ರಕರಣ ಇಲ್ಲಿಗೆ ಸಮಾಪ್ತ.

ಮಂಜಿನದು ಅದಕ್ಕಿಂತ ಸೂಕ್ಷ್ಮ. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ಕಾರಿಗೆ ಆಷಾಢದಲ್ಲಿ ತಣ್ಣನೆ ಗಾಳಿಯನ್ನು ಸರ್ಕಾರವೇ ಪುಕ್ಕಟೆ ಒದಗಿಸುತ್ತದೆ. ಆದರೆ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ, ತಂಪಿನಲ್ಲಿ ಗಳಿಸಿದ್ದು ಏರಿನಲ್ಲಿ ಕರಗುತ್ತದೆ. ಮಂಜಿನ ಹನಿ ಒಳಗೆ ಹೋದರೆ ಎಂಜಿನ್ನಿಗೆ ಕೇಡಿಲ್ಲ, ಆವಿಯಾಗಿ ಹೊರಬೀಳುತ್ತದೆ. ಒದ್ದೆ ಫಿಲ್ಟರ್ ಬಿಗಿದು ಕಾರು ತುಸು ಮಂಕಾಗಬಹುದು, ಅಷ್ಟೆ. ಧೂಳು ತೊಳೆದ ಮೇಲೆ ಕೈ ಧಾರಾಳ ಮಾಡಿ ಎಣ್ಣೆ ಹಚ್ಚಿದರೆ ಮಾತ್ರ ಅದು ಗಾಳಿ ಅಳೆಯುವ ಸೆನ್ಸರಿಗೆ ಅಂಟಿ, ಲೆಕ್ಕ ತಪ್ಪಿಸುತ್ತದೆ.

ಶಾಸ್ತ್ರದ ಹೃದಯ ಜಲಪ್ರಕರಣ. ತಂಪು ಗಾಳಿಯ ಆಸೆಗೆ ಕೊಳವೆಯನ್ನು ಬಂಪರಿನ ಹಿಂದೆ, ನೆಲದ ಸಮೀಪಕ್ಕೆ ಇಳಿಸುವ ಪದ್ಧತಿಯುಂಟು. ಜೋರು ಮಳೆಗೆ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಲ್ಲುವುದೂ ಅದೇ ಎತ್ತರಕ್ಕೆ. ಇಲ್ಲಿ ಪೂರ್ವಪಕ್ಷ: ಫಿಲ್ಟರ್ ಇರುವಾಗ ನೀರು ಒಳಗೆ ಹೇಗೆ ಹೋದೀತು? ಸಿದ್ಧಾಂತ: 1,200 ಸಿಸಿ ಎಂಜಿನ್ 2,000 ಸುತ್ತಿನಲ್ಲಿ ಪೂರ್ತಿ ಉಸಿರೆಳೆದರೆ ನಿಮಿಷಕ್ಕೆ ಹತ್ತಿರ ಹತ್ತಿರ 1,200 ಲೀಟರ್ ಗಾಳಿ ಸೇದುತ್ತದೆ. ಮುಳುಗಿದ ಶಂಕು ಆಗ ಫಿಲ್ಟರಲ್ಲ, ಎಳನೀರಿಗೆ ಹಾಕಿದ ಕೊಳವೆ. ನಾಲ್ಕು ಸಿಲಿಂಡರಿನಲ್ಲಿ ಒಂದೊಂದರ ಪಾಲು 300 ಸಿಸಿ. 10:1 ಸಂಪೀಡನ ಅನುಪಾತದಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 33 ಮಿಲಿಲೀಟರ್. ಅದಕ್ಕಿಂತ ಹೆಚ್ಚು ನೀರಿದ್ದರೆ, ನೀರು ಕುಗ್ಗದು, ಪಿಸ್ಟನ್ ನಿಲ್ಲದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ತೀರ್ಥ ಕೊಡುವ ಉದ್ಧರಣೆಯಲ್ಲಿ ನಾಲ್ಕಾರು ಸಲ ಎರೆದಷ್ಟು ನೀರು ಎಂಜಿನ್ ಬಿಚ್ಚಿಸುತ್ತದೆ.

ಫಿಲ್ಟರಿಗೆ ನೀರು ಹಿಡಿಯದ ಬಟ್ಟೆಯ ಕೊಪ್ಪೆ ಹಾಕಬೇಕೆಂದು ಒಂದು ಪಂಥ. ಚಕ್ರ ಸಿಡಿಸುವ ಹನಿಗೆ ಇದು ಆದೀತು. ಆದರೆ ಕಂಬಳಿ ಕೊಪ್ಪೆ ಹೊದ್ದು ಮಳೆಗೆ ಹೊರಟವರು ಯಾರೂ ಕೆರೆಗೆ ಇಳಿಯುವುದಿಲ್ಲ. ಕೊಳವೆಯ ನಡುವೆ ಬೈಪಾಸ್ ವಾಲ್ವ್ ಕೂರಿಸಿ, ತುದಿ ಮುಳುಗಿದಾಗ ಮೇಲಿಂದ ಉಸಿರೆಳೆಸುವುದು ಇನ್ನೊಂದು ಪಂಥ; ವಾಲ್ವೂ ಮುಳುಗುವವರೆಗೆ ಅದು ಮಾನ್ಯ. ಸಹಜ ನಾಸಿಕವೇ ಸಾಕೆನ್ನುವ ಮೂರನೆಯ ಪಂಥಕ್ಕೆ ಪ್ರಮಾಣ ಊರಲ್ಲೇ ಇದೆ. ಹೈದರ್, ಟಿಪ್ಪು ಕಾಲದ ಫಿರಂಗಿ ಎಳೆದ ಅಮೃತಮಹಲ್ ತಳಿಯನ್ನು ಅಜ್ಜಂಪುರದ ಸಂವರ್ಧನಾ ಕೇಂದ್ರ ಇಂದಿಗೂ ಸಾಕುತ್ತಿದೆ. ನೀರಿಗಿಳಿದ ಎತ್ತು ಮೂತಿ ಮೇಲೆತ್ತುತ್ತದೆ. ಧೂಳು ಹೊಕ್ಕರೆ ಸೀನುತ್ತದೆ. ಅದಕ್ಕೆ ಆರೋಪಿತ ನಾಸಿಕ ತೊಡಿಸಿದ ದಾಖಲೆಯಿಲ್ಲ.

ನೀರು ಕುಡಿದು ನಿಂತ ಕಾರಿಗೆ ಮರಳಿ ಸೆಲ್ಫ್ ಹೊಡೆಯಬಾರದು. ಎಷ್ಟೋ ರಾಡು ಬಾಗುವುದು ಆ ಎರಡನೇ ಪ್ರಯತ್ನದಲ್ಲೇ, ಸುತ್ತ ನೆರೆದವರ ಒತ್ತಾಯದ ಮೇರೆಗೆ. ತಳ್ಳಿ ದಡಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಹಾಕಿಸಿ, ಆಯಿಲ್ ನೋಡಬೇಕು. ಬೆಳ್ಳಗೆ ಕದಡಿದ್ದರೆ ಬದಲಿಸಬೇಕು. ಎಂಜಿನ್ನಿಗೆಂದು ಪ್ರತ್ಯೇಕ ರಕ್ಷಣೆ ಕೊಳ್ಳದ ವಿಮೆ ಸಾಮಾನ್ಯವಾಗಿ ಈ ಖರ್ಚು ಕೊಡುವುದಿಲ್ಲ. ಕಂಪನಿ ಕೊಟ್ಟ ರೂಪ ಬದಲಿಸಿದ ಕಾರಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಶ್ನೆಯೂ ಎದುರಾಗಬಹುದು.

ಆದಕಾರಣ ಮುಂಗಾರಿಗೆ ಸಹಜ ನಾಸಿಕವನ್ನೇ ಮರುಸ್ಥಾಪಿಸುವುದು ಶಾಸ್ತ್ರಸಮ್ಮತ. ಬಿಚ್ಚಿಟ್ಟ ಪೆಟ್ಟಿಗೆ ಅಷ್ಟರಲ್ಲಿ ಅಟ್ಟ ಸೇರಿ, ಈರುಳ್ಳಿ ಬೀಜ ತುಂಬಿಕೊಂಡಿರುತ್ತದೆ. ಹದಮಳೆ ಬಿದ್ದೊಡನೆ ಬೀಜ ಹೊಲಕ್ಕೆ ಹೋಗುವುದರಿಂದ, ಪೆಟ್ಟಿಗೆ ಬೇಕಾದ ವಾರದಲ್ಲೇ ಖಾಲಿಯಾಗುತ್ತದೆ.