ಮುಂದೆ ಹೋಗಲು ಹಿಂದಕ್ಕೆ

ನಮ್ಮ ಕಡೆ ಹಾದಿ ಅಳೆಯುವುದು ತಾಸಿನಲ್ಲಿ. ಹಾವೇರಿಯಿಂದ ಬ್ಯಾಡಗಿ ಎಷ್ಟು ದೂರ ಎಂದು ಕೇಳಿದರೆ "ಅರ್ಧಾ ತಾಸ್ರೀ" ಎನ್ನುತ್ತಾರೆ. ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತು ಚಹಾ ಕುಡಿದರೂ ಈ ಲೆಕ್ಕ ದೊಡ್ಡದಾಗಿ ತಪ್ಪಿದ್ದಿಲ್ಲ. ಅದನ್ನು ಕೆಡಿಸಿದ್ದು ವಿಮಾನ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ, "ಮಾಮಾ, ರೈಲು ಯಾಕ? ಹುಬ್ಬಳ್ಳ್ಯಾಗ ವಿಮಾನ ಹತ್ರಿ, ಒಂದ ತಾಸು" ಎಂದ. ತಾಸು ಎಂದ ಮೇಲೆ ನಂಬದಿರುವುದು ಹೇಗೆ? ನಕಾಶೆ ಹರವಿಕೊಂಡು ಕುಳಿತೆ.

ಹಾವೇರಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 310 ಕಿ.ಮೀ., ಹೆದ್ದಾರಿಯಲ್ಲಿ 340. ವಿಮಾನಕ್ಕಾದರೆ ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಿ 75 ಕಿ.ಮೀ. ಉತ್ತರಕ್ಕೆ ಹೋಗಬೇಕು. ಅಲ್ಲಿಂದ ದೇವನಹಳ್ಳಿಗೆ ಆಕಾಶದಲ್ಲಿ 370. ಆಮೇಲೆ ಊರೊಳಗೆ ಬರಲು ಇನ್ನೊಂದು 35. ಒಟ್ಟು 480! ಬ್ಯಾಡಗಿ, ರಾಣೆಬೆನ್ನೂರಿನವರು ಹಿಂದೆ ಸರಿಯುವುದು ಇನ್ನೂ ಹೆಚ್ಚು. ದೇವರಿಗೆ ಹೊರಳಿ ಬರುವ ಹರಕೆಗೂ ಇಷ್ಟು ಸುತ್ತಿಲ್ಲ.

ಇನ್ನು ಆ ಒಂದು ತಾಸು. ಚಿಕ್ಕ ಎಟಿಆರ್ ವಿಮಾನವೂ ತಾಸಿಗೆ 500 ಕಿ.ಮೀ. ಹಾರಬಲ್ಲದು, ಹಾಗಾದರೆ 370 ಕಿ.ಮೀ.ಗೆ ಮುಕ್ಕಾಲು ತಾಸು ಸಾಕು. ಆದರೆ ವೇಳಾಪಟ್ಟಿಯ ಹೊತ್ತಿನಲ್ಲಿ ಓಡುದಾರಿಯವರೆಗೆ ತೆವಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿದ ಮೇಲೆ ಮತ್ತೆ ತೆವಳುವುದು ಎಲ್ಲವೂ ಸೇರಿರುತ್ತದೆ. ಅದಕ್ಕೆ ಹುಬ್ಬಳ್ಳಿಯ ಹಾದಿ ಒಂದೂವರೆ ತಾಸು, ಮುಂಚೆ ಹೋಗಿ ಕೂರುವುದು ಎರಡು ತಾಸು, ದೇವನಹಳ್ಳಿಯಿಂದ ಜಯನಗರದ ಟ್ರಾಫಿಕ್ಕು ಎರಡು ತಾಸು ಸೇರಿಸಿ. ಅಷ್ಟು ಹೊತ್ತಿಗೆ ನಮ್ಮೂರಿನಿಂದ ಹೊರಟ ರೈಲು ಬೆಂಗಳೂರು ಮುಟ್ಟಿ, ಅದರಲ್ಲಿ ಬಂದವರು ಜಳಕ ಮುಗಿಸಿರುತ್ತಾರೆ.

ಸಾಮಾನಿನದು ಬೇರೆ ಕತೆ. ಹಾವೇರಿಯ ಏಲಕ್ಕಿ ಹಾರಕ್ಕೆ ವಿಮಾನದಲ್ಲೂ ಮರ್ಯಾದೆ ಉಂಟು. ಆದರೆ ಕೈಚೀಲದಲ್ಲಿ ಖಾರಪುಡಿ ಇಟ್ಟರೆ ತಪಾಸಣೆಯವರು ತೆಗೆಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ವಾದಿಸಿದರೆ ವಿಮಾನ ನಮ್ಮನ್ನು ಬಿಟ್ಟು ಹೋಗುತ್ತದೆ.

2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ರಾಣೆಬೆನ್ನೂರಿನವರ ಗತ್ತು ನೋಡಬೇಕು. "ನಮಗ ಎರಡು ಏರ್‌ಪೋರ್ಟ್ ಅದಾವು" ಎನ್ನುತ್ತಾರೆ. ನಿಜ, ಅತ್ತ ಹೋದರೂ ನೂರು ಕಿ.ಮೀ., ಇತ್ತ ಹೋದರೂ ನೂರು. ಎರಡೂ ನಿಲ್ದಾಣಗಳ ನಡುವಿನ ನೇರ ಗೆರೆ ಸುಮಾರು 175 ಕಿ.ಮೀ.; ಅದು ಹಾಯುವುದು ನಮ್ಮ ಜಿಲ್ಲೆಯ ಮೇಲೇ. ಹಾಯುತ್ತದೆ, ಇಳಿಯುವುದಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ದೆಹಲಿಗೆ ಹೋಗುವವರು ಧಾರಾಳವಾಗಿ ಹಾರಲಿ. ಬೆಂಗಳೂರಿಗಾದರೆ ಖಾರಪುಡಿ ಕಟ್ಟಿಕೊಂಡು ರೈಲು ಹತ್ತಿರಿ. ಅದು ಹೊರಟ ಕ್ಷಣದಿಂದಲೇ ಬೆಂಗಳೂರಿನ ಕಡೆಗೆ ಹೋಗುತ್ತದೆ.