ಕಟ್ಟೆ ಮೇಲಿನ ಕಪ್ತಾನರು

ಹೊಸಪೇಟೆಗೆ ಸಮುದ್ರವಿಲ್ಲ, ಹಡಗು ನಡೆಸಬಲ್ಲವರಿಗೆ ಮಾತ್ರ ಬರವಿಲ್ಲ. ತುಂಗಭದ್ರೆಯ ಟಿ.ಬಿ. ಡ್ಯಾಂ ತುಂಬಿ ಗೇಟು ಎತ್ತಿದ ದಿನ, ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಬಸ್ಸು ನಿಂತ ದಿನ, ನೀರು ನೋಡಲು ನೆರೆದ ಜನರ ನಡುವೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೈ ಹಿಂದಕ್ಕೆ ಕಟ್ಟಿ, ಕಣ್ಣು ಕಿರಿದು ಮಾಡಿ, ಹೊಳೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ನೋಟದಲ್ಲೇ ಅಳೆದು ಹೇಳುತ್ತಾರೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ತಜ್ಞರು ಊರು ಮುಟ್ಟುವ ಮೊದಲೇ ಚಹಾದಂಗಡಿಯಲ್ಲಿ ಬದಲಿ ಗೇಟು ಇಳಿಸಿ ಮುಗಿಸಿದವರೂ ಇವರೇ. ಹಾಯಿಹಡಗುಗಳಲ್ಲಿ ಏನೂ ಗೊತ್ತಿಲ್ಲದ ಹೊಸಬರನ್ನೂ ಕೆಲಸಕ್ಕೆ ಹತ್ತಿಸಿಕೊಂಡು ಸಾಗರ ದಾಟಿಸುವುದುಂಟು ಎಂಬ ಸುದ್ದಿ ಇಂಥವರ ಕಿವಿಗೆ ಬಿದ್ದರೆ ಸಾಕು, ‘ಒಂದ್ ಕೈ ನೋಡೇಬಿಡೋಣ್ರಿ’ ಎನ್ನುತ್ತಾರೆ. ಧೈರ್ಯವಿದೆ, ಮೈ ಗಟ್ಟಿಯಿದೆ, ಪಾಸ್‌ಪೋರ್ಟೂ ಇದೆ. ಆದರೂ ಇವರು ಹಡಗು ಹತ್ತಲಾರರು ಎಂಬುದು ನನ್ನ ವಾದ. ಹೊಸಬರಾಗಿ ಹತ್ತಬೇಕಲ್ಲ, ಅದೊಂದೇ ಇವರಿಂದ ಆಗದ ಕೆಲಸ.

ಪುರಾವೆಗೆ ಸಾಗರದವರೆಗೆ ಹೋಗಬೇಕಿಲ್ಲ, ಹಂಪಿಯ ತೆಪ್ಪ ಸಾಕು. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದ ಈ ದುಂಡು ವಾಹನಕ್ಕೆ ಮುಂದು ಹಿಂದು ಎಂಬುದೇ ಇಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿ ಕಡವಿನಲ್ಲಿ ಚರ್ಮ ಹೊದಿಸಿದ ಇಂಥವನ್ನೇ ಕಂಡು, ಇವು ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಐನೂರು ವರ್ಷದಲ್ಲಿ ಚರ್ಮ ಹೋಯಿತು, ಸುತ್ತುವುದು ಹೋಗಲಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ತೆಪ್ಪ ನಿಂತಲ್ಲೇ ಗಿರ್ರೆನ್ನುತ್ತದೆ; ಅಂಬಿಗ ಮುಂದಿನ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತ, ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಅದನ್ನು ದಾರಿಗೆ ತರುತ್ತಾನೆ. ನಮ್ಮ ಕಪ್ತಾನರೋ, ಲೈಫ್ ಜಾಕೆಟ್ಟಿನ ಬಕಲ್ ಹಾಕದೆ, ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದರಲ್ಲಿ ತೆಪ್ಪದ ಅಂಚನ್ನು ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಅಮುಕಿಕೊಂಡು, ‘ಏ ತಮ್ಮಾ, ಎಡಕ್ಕ ಹೊಳ್ಳಸೋ, ಅಲ್ಲಿ ಬಂಡೆ ಐತಿ’ ಎಂದು ಅಪ್ಪಣೆ ಕೊಡುತ್ತಾರೆ. ಆ ಬಂಡೆಗಳ ನಡುವೆಯೇ ಬೆಳೆದವನು ‘ಅಣ್ಣಾರ, ನೀವು ಸುಮ್ನ ಕುಂದರ್ರಿ’ ಎಂದರೆ ಅದು ತಮ್ಮ ಮೇಲಿನ ಕಾಳಜಿಯೆಂದೇ ತಿಳಿಯುತ್ತಾರೆ. ದಡ ಸೇರಿದ ಮೇಲೆ ಕೇಳಬೇಕು: ತೆಪ್ಪ ದಾಟಿಸಿದವರು ಅವರೇ.

ಬಯಲುಸೀಮೆಯವರನ್ನು ಸಮುದ್ರದ ಮಾತೆತ್ತಿ ಹಂಗಿಸುವುದು ಯಾವ ನ್ಯಾಯ ಎಂದು ಕೇಳಬಹುದು. ಬಯಲುಸೀಮೆಯದು ಏನೂ ತಪ್ಪಿಲ್ಲ. ಸಂಡೂರಿನ ಅದಿರು ಯಾವ ತರಬೇತಿಯೂ ಇಲ್ಲದೆ, ಒಮ್ಮೊಮ್ಮೆ ಪರ್ಮಿಟ್ಟೂ ಇಲ್ಲದೆ, ಹಡಗು ಹತ್ತಿ ಚೀನಾ ಮುಟ್ಟಿದೆ. ವಿಜಯನಗರದ ದಂಡು ನಿಂತಿದ್ದೇ ಹಾರ್ಮುಜ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳ ಮೇಲೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನೇ ತಂದು ತೋರಿಸಿದರೂ ಅಲ್ಲಿನ ಅರಸ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಹಡಗು ಹತ್ತಿದ್ದಷ್ಟಕ್ಕೇ ಬೆಲೆ ಕಟ್ಟಿಸಿಕೊಂಡ ಹೊಸಬರು ಚರಿತ್ರೆಯಲ್ಲಿ ಬಹುಶಃ ಆ ಕುದುರೆಗಳು ಮಾತ್ರ. ಇನ್ನು ಅಬ್ದುಲ್ ರಜಾಕ್. ಇಮ್ಮಡಿ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ಬಂದ ಈ ರಾಯಭಾರಿ, ಹಾರ್ಮುಜ್‌ನಲ್ಲಿ ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸಮುದ್ರದ ಭಯವೂ ಸೇರಿ ಎಚ್ಚರ ತಪ್ಪಿದ; ಮೂರು ದಿನ ಉಸಿರೊಂದೇ ಉಳಿದಿತ್ತೆಂದು ತಾನೇ ಬರೆದುಕೊಂಡಿದ್ದಾನೆ. ಪರ್ಷಿಯಾದ ಸುಲ್ತಾನ ಶಾರುಖನ ಈ ದೂತನಿಗೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಲಿಲ್ಲ. ನಮ್ಮವರಿಗೆ ತೆಪ್ಪದಲ್ಲಿ ಹೊಟ್ಟೆ ತೊಳಸಿದರೆ ತಪ್ಪು ಬೆಳಿಗ್ಗೆ ತಿಂದ ಒಗ್ಗರಣೆ-ಮಿರ್ಚಿಯದು.

ಇಷ್ಟು ಆತ್ಮವಿಶ್ವಾಸವೂ ಇಲ್ಲದೆ ಯಾರು ತಾನೆ ಸಾಗರಕ್ಕಿಳಿದಾರು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಅವರನ್ನು ನೋಡಿ. 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಹಾಯಿದೋಣಿಯಲ್ಲಿ ಹೊರಟ ಅವರಿಬ್ಬರೇ ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದರು. ಅದಕ್ಕೂ ಮೊದಲು ಆರು ಜನರ ತಂಡದಲ್ಲಿ ತಾವೂ ಇಬ್ಬರಾಗಿ ರಿಯೊ ಡಿ ಜನೈರೊವರೆಗೆ ಹೋಗಿ ಬಂದಿದ್ದರು; ಅವರ ಆತ್ಮವಿಶ್ವಾಸ ಕಲಿತು ಬಂದದ್ದು. ಹಾಯಿಹಡಗಿನಲ್ಲಿ ಹೊಸಬರ ಪಾಲಿಗೆ ಬರುವುದು ತಳದಲ್ಲಿ ನಿಂತ ನೀರು ಎತ್ತುವುದು, ಪಾಯಿಖಾನೆ ತೊಳೆಯುವುದು, ಹೇಳಿದ ಗಂಟನ್ನೇ ಹಗ್ಗಕ್ಕೆ ಹಾಕುವುದು, ವಾಲಿದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದು. ಹೆಚ್ಚಿದ್ದು ಪಾತ್ರೆಗೆ ಬೀಳುವ ಮೊದಲು ಎದುರು ಗೋಡೆಗೆ ಬೀಳುತ್ತದೆ. ಕಣ್ಣು ಒಂದು ಹೇಳಿ ಒಳಗಿವಿ ಇನ್ನೊಂದು ಹೇಳುವುದರಿಂದ ಬರುವ ವಾಂತಿಯನ್ನು ತಡೆದುಕೊಂಡೇ ಇಷ್ಟೂ ಆಗಬೇಕು. ಮನೆಯಲ್ಲಿ ತಾವು ಕುಡಿದ ಲೋಟ ಎತ್ತಿಡದವರು ಈ ಪಟ್ಟಿ ಕೇಳಿ, ‘ಅದಕ್ಕೆಲ್ಲಾ ಆಳು ಇರ್ತಾರಲ್ರಿ’ ಎನ್ನುತ್ತಾರೆ. ಆ ಆಳು ತಾವೇ ಎಂಬುದು ಅವರ ತಲೆಗೆ ಹೋಗುವುದಿಲ್ಲ.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ಇವರ ಹುಮ್ಮಸ್ಸನ್ನು ಇನ್ನೂ ಏರಿಸಿದೆ. ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಡಗು. ಹಾಯಿಯ ಮೇಲೆ ಗಂಡಭೇರುಂಡ, ಮೂತಿಯಲ್ಲಿ ಸಿಂಹಯಾಳಿ. ಗಂಡಭೇರುಂಡ ನಮ್ಮ ಸರ್ಕಾರದ್ದು, ಯಾಳಿ ನಮ್ಮ ವಿಠ್ಠಲ ಗುಡಿಯ ಕಂಬದ್ದು, ಅಂದಮೇಲೆ ಅರ್ಧ ಹಡಗು ನಮ್ಮದೇ ಆಯಿತು ಎಂಬುದು ಇವರ ಲೆಕ್ಕ. ಹಾಗೆಂದು ಹಡಗಿನಲ್ಲಿ ಇವರಿಗೆ ಜಾಗವೇ ಇಲ್ಲವೆನ್ನುವುದು ಅನ್ಯಾಯವಾದೀತು. ಹಡಗು ರಾತ್ರಿಯೂ ನಡೆಯುತ್ತದೆ, ಪಾಳಿಯ ಮೇಲೆ ಎಚ್ಚರವಿರಬೇಕಾಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಚುಕ್ಕಾಣಿ ಹಿಡಿದವರು ತೂಕಡಿಸದಂತೆ ಉಸಿರುಬಿಡದೆ ಮಾತಾಡಬಲ್ಲವರು ಪಕ್ಕದಲ್ಲಿದ್ದರೆ ಒಳ್ಳೆಯದೇ. ಚುಕ್ಕಾಣಿ ಕೈಗೆ ಎಟುಕದಷ್ಟು ದೂರದಲ್ಲಿ ಕೂರಿಸಬೇಕು, ಅಷ್ಟೆ.